ಫಿಟ್‌ನೆಸ್ ಟೆಸ್ಟಾ, ಟೀಮಾ? ನಾನು ಟೀಮ್ ಕಟ್ಟಿ ಪೀರಿಯಡ್ ಕಳೆದುಕೊಂಡೆ
ವಾರಕ್ಕೆ ಎರಡೇ ಪಿಟಿ ಪೀರಿಯಡ್, ಅದನ್ನು ಫಿಟ್‌ನೆಸ್ ಟೆಸ್ಟಿಗೆ ಕೊಡಲಾ ಇಲ್ಲ ಒಳ್ಳೆಯ ಟೀಮ್ ಕಟ್ಟಲಾ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯೊಳಗೆ ಏನೋ ಚುಚ್ಚಿತು.

ನಾನೂ ಶಾಲೆಯಲ್ಲಿ ಪಿಟಿ ಕಲಿಸುವಾಗ ಟೀಮ್ ಕಟ್ಟಿದೆ. ವರ್ಷದ ಕೊನೆಗೆ ನನ್ನ ಕೆಲಸ ಅಳೆಯುವ ಫಾರ್ಮಿನಲ್ಲಿ ಇದ್ದದ್ದು ಒಂದೇ ಕಾಲಂ: ಗೆದ್ದ ಬಹುಮಾನ ಎಷ್ಟು? ಎಷ್ಟು ಮಕ್ಕಳು ಆಡಿದರು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳದ ಲೆಕ್ಕವನ್ನು ಯಾರು ಇಡುತ್ತಾರೆ ಹೇಳಿ. ನೀತಿ ಅಂದರೆ ಎಲ್ಲೋ ಮೇಲೆ ಕೂತವರು ಬರೆಯುವ ದಪ್ಪ ಪುಸ್ತಕ ಅಂದುಕೊಂಡಿದ್ದೆ. ನನ್ನ ಪಾಲಿಗೆ ನೀತಿ ಅಂದರೆ ಆ ಒಂದು ಕಾಲಂ ಅಷ್ಟೇ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ವರ್ಷದ ಮೊದಲ ವಾರ 120 ಮಕ್ಕಳನ್ನು 600 ಮೀಟರ್ ಓಡಿಸಿದೆ. ಮುಂದೆ ಬಂದ 14 ಮಕ್ಕಳ ಹೆಸರು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಆರಿಸಿದ್ದು ತಪ್ಪಲ್ಲ. ತಪ್ಪು ಏನೆಂದರೆ ನಾನು ಬರೆದದ್ದು ಪೆನ್ನಿನಲ್ಲಿ. ಮೂರು ವರ್ಷ ಆ ಪಟ್ಟಿ ಹಾಗೇ ಇತ್ತು, ಮತ್ತೊಮ್ಮೆ ಯಾರನ್ನೂ ಓಡಿಸಿ ನೋಡಲಿಲ್ಲ, ಚೆಂಡು, ನೆಟ್ಟು, ಒಳ್ಳೆಯ ಅಂಗಳ, ನನ್ನ ಗಮನ ಎಲ್ಲವೂ ಆ 14 ಮಕ್ಕಳಿಗೇ ಹೋಯಿತು, ಉಳಿದ 106 ಮಕ್ಕಳು ಸಾಲಾಗಿ ನಿಂತು ಕೈ ಮೇಲೆ ಕೆಳಗೆ ಮಾಡಿ, ಆಮೇಲೆ ಸ್ಕೋರ್ ಬರೆಯುತ್ತಲೋ ಚಪ್ಪಾಳೆ ತಟ್ಟುತ್ತಲೋ ಕೂತಿರುತ್ತಿದ್ದರು. ಅವರಿಗೆ ಆಸಕ್ತಿ ಇಲ್ಲ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ! ಬಹಳ ದಿನದ ಮೇಲೆ ರಿಜಿಸ್ಟರಿನಲ್ಲಿ ಹುಟ್ಟಿದ ದಿನಾಂಕ ನೋಡಿದೆ. 14ರಲ್ಲಿ 9 ಮಕ್ಕಳು ವಯೋಮಿತಿಯ ಕಟ್‌ಆಫ್ ದಿನ (ಒಂದು ವರ್ಷದ ಗುಂಪಿನ ಲೆಕ್ಕ ಶುರುವಾಗುವ ತಾರೀಖು) ಕಳೆದು ನಾಲ್ಕು ತಿಂಗಳೊಳಗೆ ಹುಟ್ಟಿದವರು. ಅಂದರೆ ನಾನು ಆರಿಸಿದ್ದು ಪ್ರತಿಭೆಯನ್ನಲ್ಲ, ಅದೇ ತರಗತಿಯಲ್ಲಿ ಕೆಲವು ತಿಂಗಳು ದೊಡ್ಡವರನ್ನು. ಕೆನಡಾದ ಐಸ್ ಹಾಕಿಯಲ್ಲಿ ಇದನ್ನೇ 1985ರಲ್ಲಿ ಸಂಶೋಧಕರು ಬರೆದಿದ್ದರು. ಅಲ್ಲಿ ಕಟ್‌ಆಫ್ ಜನವರಿ 1, ದೊಡ್ಡ ಮಟ್ಟದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ. ಒಂದು ತಾರೀಖು ಯಾರು ಆಡಬೇಕು, ಯಾರು ಕೂರಬೇಕು ಅಂತ ತೀರ್ಮಾನ ಮಾಡಿಬಿಡುತ್ತದೆ.

ಇದರ ಬೆಲೆ ನಾಲ್ಕನೇ ವರ್ಷ ಗೊತ್ತಾಯಿತು. ಆಡಳಿತದವರು ನಮ್ಮ ನಾಲ್ಕು ಪೀರಿಯಡ್‌ನಲ್ಲಿ ಮೂರನ್ನು ಗಣಿತಕ್ಕೆ ಕೊಟ್ಟರು. ನಾನು ಕೂಗಾಡಿದೆ. ಪೋಷಕರು ನನ್ನ ಬೆನ್ನಿಗೆ ನಿಲ್ಲುತ್ತಾರೆ ಅಂತ ಸಭೆ ಕರೆಸಿದೆ. ಬಂದವರು 11 ಮನೆಯವರು, ಎಲ್ಲರೂ ಟೀಮಿನ ಮಕ್ಕಳ ಕಡೆಯವರೇ. ಉಳಿದವರು ಯಾಕೆ ಬರಬೇಕು? ಅವರ ಮಕ್ಕಳು ಆ ಪೀರಿಯಡ್‌ನಲ್ಲಿ ಸುಮ್ನೆ ಕೂರುತ್ತಿದ್ದರು. ಅಲ್ಲಿ ಕೂರುವ ಬದಲು ಗಣಿತ ಕಲಿಯಲಿ ಅಂತ ಸಭೆಗೆ ಬಾರದ ಒಬ್ಬ ತಂದೆ ಆಮೇಲೆ ನನ್ನ ಮುಖಕ್ಕೇ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಟ್ರೋಫಿಗಳು ಕಪಾಟಿನಲ್ಲಿದ್ದವು, ಪೀರಿಯಡ್ ಹೋಯಿತು.

ಹಾಗಾಗಿ ಟೆಸ್ಟಾ ಟೀಮಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೆಸ್ಟೂ ಟೀಮೂ ಎರಡೂ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾಗ ಮಾಡುವ ಕೆಲಸವೇ. ಟೆಸ್ಟ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮಗುವಿನ ಈ ಸಲದ ಅಂಕವನ್ನು ಅದರದೇ ಹಿಂದಿನ ಸಲದ ಜೊತೆ ಮಾತ್ರ ಹೋಲಿಸಿ, ಗೋಡೆಗೆ ಅಂಟಿಸಬೇಡಿ. ಸಿಂಗಾಪುರದಲ್ಲಿ 1992ರಿಂದ 2007ರವರೆಗೆ ತೂಕ ಜಾಸ್ತಿ ಇರುವ ಮಕ್ಕಳನ್ನು ಬೇರೆ ಮಾಡಿ ವ್ಯಾಯಾಮ ಮಾಡಿಸುವ ಯೋಜನೆ ಇತ್ತು. ಅದರ ಹೆಸರು ‘ಟ್ರಿಮ್ ಆ್ಯಂಡ್ ಫಿಟ್’, ಚಿಕ್ಕದಾಗಿ TAF; ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಓದಿದರೆ ‘ಫ್ಯಾಟ್’ ಅಂತ ಬರುತ್ತಿತ್ತು. ಮಕ್ಕಳು ಅದನ್ನು ಬಿಡುತ್ತಾರಾ?

ಟೀಮ್ ಇಲ್ಲದಿದ್ದರೆ ಪ್ರತಿಭೆ ಸಾಯುತ್ತದೆ ಅಂತ ನಿಮ್ಮ ಹೆಡ್‌ಮಾಸ್ಟರ್ ಹೇಳಿದರೆ ನಾರ್ವೆ ತೋರಿಸಿ. ಅಲ್ಲಿ ಮಕ್ಕಳ ಕ್ರೀಡೆಗೆ ನಿಯಮವಿದೆ, 11 ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿಯೂ ಇಲ್ಲ, ರ‍್ಯಾಂಕೂ ಇಲ್ಲ. ಅದೇ ದೇಶ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಹಿಮ ಇದೆ, ದುಡ್ಡಿದೆ, ಒಪ್ಪುತ್ತೇನೆ. ಆದರೂ ಪಟ್ಟಿ ಹಾಕದೆ ಕೆಟ್ಟೇನೂ ಹೋಗಿಲ್ಲ, ಅಲ್ವಾ?

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರೇರುವಷ್ಟು ಮೈ ಅಲುಗಾಡಬೇಕು ಅನ್ನುತ್ತದೆ. 65 ದಾಟಿದವರಿಗೆ ಇದರ ಜೊತೆ ಬೀಳದಂತೆ ಸಮತೋಲನದ ಅಭ್ಯಾಸ, ವಾರಕ್ಕೆ ಮೂರು ದಿನವಾದರೂ. ನಿಮ್ಮ ಎರಡು ಪೀರಿಯಡ್‌ನಲ್ಲಿ ಇದ್ಯಾವುದೂ ತುಂಬುವುದಿಲ್ಲ. ತುಂಬಬೇಕಾಗಿಯೂ ಇಲ್ಲ, ದೊಡ್ಡವರಾದ ಮೇಲೂ ಉಳಿಯುವ ರೂಢಿ ಹಚ್ಚಿದರೆ ಸಾಕು. ಶಾಲೆ ಬಿಟ್ಟ ಮೇಲೆ 22 ಜನರನ್ನು ಯಾರು ಕೂಡಿಸುತ್ತಾರೆ? ಇಬ್ಬರೇ ಆಡಬಹುದಾದ ಒಂದು ಆಟ, ಒಬ್ಬರೇ ಮಾಡಬಹುದಾದ ಒಂದು ಅಭ್ಯಾಸ ಕಲಿಸಿ. ಓಟದಲ್ಲಿ ಕೊನೆಗೆ ಬಂದ ಹುಡುಗಿಗೂ ಅದು ಕೈ ಹತ್ತಬೇಕು.

ಫಾರ್ಮ್ ಬದಲಾಗಲಿ ಅಂತ ಕಾಯಬೇಡಿ. ‘ಎಷ್ಟು ಮಕ್ಕಳು, ಎಷ್ಟು ನಿಮಿಷ’ ಅಂತ ನೀವೇ ಒಂದು ಕಾಲಂ ಎಳೆದು ಬರೆದುಕೊಡಿ. ಆ ಸಭೆ ಆದ ಮೇಲೆ, ಉಳಿದಿದ್ದ ಒಂದೇ ಪೀರಿಯಡ್‌ನಲ್ಲಿ ನಾನು ಮೊದಲ ಸಲ ಒಂದು ಮಗುವಿನ ಮೇಲೆ ಕಣ್ಣಿಟ್ಟು ಸ್ಟಾಪ್‌ವಾಚ್ ಒತ್ತಿದೆ. 40 ನಿಮಿಷದಲ್ಲಿ ಅವನು ಓಡಾಡಿದ್ದು 9 ನಿಮಿಷ. ಉಳಿದದ್ದು ಹಾಜರಿ, ಸಾಲು ಸರಿಮಾಡುವುದು, ಮತ್ತೆ ವ್ಯಾಯಾಮದ ಮಹತ್ವದ ಬಗ್ಗೆ ನನ್ನ ಭಾಷಣ.