ಮಾವ ರಾತ್ರಿ ಮಾಸ್ಕ್ ಕಿತ್ತು ಹಾಕುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಮಾವನಿಗೆ 71 ವರ್ಷ. ತುಂಬ ವರ್ಷ ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ಕಾಯಿಲೆ, ಅಂತ ಹೇಳಿದ್ದಾರೆ. ಹೋದ ತಿಂಗಳು ದಮ್ಮು ಜಾಸ್ತಿಯಾಗಿ ಶಿವಮೊಗ್ಗದಲ್ಲಿ 10 ದಿನ ಅಡ್ಮಿಟ್ ಮಾಡಿದ್ದೆವು. ಈಗ ಮನೆಯಲ್ಲೇ ರಾತ್ರಿ ಮಾಸ್ಕ್ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಮೆಷಿನ್ ಹಾಕಬೇಕು, ಜೊತೆಗೆ ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವ ಕಾನ್ಸಂಟ್ರೇಟರ್ ಕೂಡ ಇದೆ. ಹಾಕಿದ ಒಂದು ಗಂಟೆಯೊಳಗೆ ಮಾಸ್ಕ್ ಕಿತ್ತು ಹಾಕುತ್ತಾರೆ. ಮೂಗಿನ ಮೇಲೆ ಕೆಂಪಾಗಿದೆ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಅತ್ತೆಯ ನಿದ್ದೆ ಮಾತ್ರೆಯಲ್ಲಿ ಅರ್ಧ ಕೊಡಬಹುದಾ? ದಮ್ಮು ಬಂದಾಗ ಆಕ್ಸಿಜನ್ ಏರಿಸಬಹುದಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಗತಿ?

ಉತ್ತರ: ನಿದ್ದೆ ಮಾತ್ರೆ ಕೊಡಬೇಡಿ. ಅರ್ಧವೂ ಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಸಿಒಪಿಡಿ ಇದ್ದವರಿಗೆ ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ದೊಡ್ಡ ಕಷ್ಟ. ರೋಗ ಬಲಿತ ಕೆಲವರಲ್ಲಿ ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ರಾತ್ರಿ ಉಸಿರಾಟ ಮೆಲ್ಲಗಾದಾಗ ಇನ್ನೂ ಏರುತ್ತದೆ. ಬೈಪ್ಯಾಪ್ ಪ್ರತಿ ಉಸಿರಿಗೂ ಗಾಳಿಯ ಒತ್ತು ಕೊಟ್ಟು, ದಣಿದ ಎದೆಗೆ ಆಸರೆಯಾಗುತ್ತದೆ. ನಿದ್ದೆ ಮಾತ್ರೆ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಉಸಿರನ್ನೇ ಮಂಕಾಗಿಸುತ್ತದೆ.

ಆಕ್ಸಿಜನ್ ಕೂಡ ಹಾಗೆಯೇ. ಜಾಸ್ತಿ ಕೊಟ್ಟರೆ ಒಳ್ಳೆಯದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಉಳಿಯುವವರಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಅದು ಇನ್ನಷ್ಟು ಏರುತ್ತದೆ. ಇಂಥವರಿಗೆ ಸಾಮಾನ್ಯವಾಗಿ ಬೆರಳಿನ ಮೀಟರಿನಲ್ಲಿ ರಕ್ತದ ಆಕ್ಸಿಜನ್ ಶೇಕಡಾ 88ರಿಂದ 92 ಇದ್ದರೆ ಸಾಕು. 98 ಬರಲಿ ಎಂದು ಗುಬುಟು ತಿರುಗಿಸಬೇಡಿ. ನಿಮ್ಮ ಮಾವನಿಗೆ ಎಷ್ಟು ಇರಬೇಕು ಎಂದು ಡಾಕ್ಟರ ಹತ್ತಿರ ಕೇಳಿ, ಚೀಟಿಯಲ್ಲಿ ಬರೆದು ಮೆಷಿನ್ನಿಗೇ ಅಂಟಿಸಿ.

ಇನ್ನು ಮಾಸ್ಕಿನ ವಿಷಯ. ಎದೆರೋಗದ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷ ನೋಡಿದ್ದೇನೆ, ಸುಮ್ನೆ ಹಟಕ್ಕೆ ಮಾಸ್ಕ್ ಕೀಳುವವರು ತೀರಾ ಕಡಿಮೆ. ಬಾಯಿ ಮೂಗು ಮುಚ್ಚಿದೆ, ಮಾತಾಡಲು ಆಗುವುದಿಲ್ಲ. ಏನೋ ತೊಂದರೆ ಇದೆ ಎಂದು ತಿಳಿಸಲು ಅವರಿಗೆ ಇರುವ ದಾರಿ ಅದೊಂದೇ. ಎಷ್ಟೋ ಸಲ ಮೂತ್ರಕ್ಕೆ ಹೋಗಬೇಕಾಗಿರುತ್ತದೆ, ಅಷ್ಟೇ. ಮಲಗುವ ಮುಂಚೆ ಒಮ್ಮೆ ಬಚ್ಚಲಿಗೆ ಕರೆದುಕೊಂಡು ಹೋಗಿ. ಕೈಗೆ ಸಿಗುವ ಹಾಗೆ ಒಂದು ಗಂಟೆ ಇಡಿ, ದೇವರ ಮನೆಯ ಹಳೇ ಗಂಟೆಯಾದರೂ ನಡೆಯುತ್ತದೆ. ಕರೆದರೆ ಯಾರಾದರೂ ಬರುತ್ತಾರೆ ಎಂಬ ಧೈರ್ಯ ಬಂದರೆ ಅರ್ಧ ಗಾಬರಿ ಹೋಗುತ್ತದೆ. ಕೈ ಮಾತ್ರ ಕಟ್ಟಬೇಡಿ. ವಾಂತಿ ಬಂದರೆ ತಕ್ಷಣ ಮಾಸ್ಕ್ ತೆಗೆಯಲು ಅವರಿಗೆ ಕೈ ಬೇಕು.

ಅಭ್ಯಾಸವನ್ನು ರಾತ್ರಿ ಶುರು ಮಾಡಬೇಡಿ. ಬೆಳಗ್ಗೆ ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ ಜಗಲಿಯಲ್ಲಿ ಒರಗಿ ಕೂರಿಸಿ. ಮೆಷಿನ್ ಹಾಕಿ, ಪಟ್ಟಿ ಕಟ್ಟದೆ ಮಾಸ್ಕನ್ನು ಅವರ ಕೈಯಲ್ಲೇ ಹಿಡಿದು ಮುಖಕ್ಕೆ ಒತ್ತಿಕೊಳ್ಳಲು ಹೇಳಿ. ಬೇಡವೆನಿಸಿದಾಗ ಅವರೇ ತೆಗೆಯಲಿ. ಗಾಳಿ ನುಗ್ಗಿದಾಗ ಎದುರಿಗೆ ಹೋರಾಡದೆ ಅದರ ಜೊತೆ ಉಸಿರಾಡಲು ಎರಡು ಮೂರು ದಿನ ಬೇಕಾಗುತ್ತದೆ. ನೀವು ಪಕ್ಕದಲ್ಲಿ ಕೂತು ಮಾತಾಡುತ್ತಿರಿ. ಆಮೇಲೆ ಪಟ್ಟಿ ಕಟ್ಟಿ 20 ನಿಮಿಷ, ನಂತರ ಮಧ್ಯಾಹ್ನದ ನಿದ್ದೆಗೆ. ಅಲ್ಲಿಯವರೆಗೆ ರಾತ್ರಿ ಎಷ್ಟು ಹೊತ್ತು ತಡೆಯುತ್ತಾರೋ ಅಷ್ಟು ಹಾಕಿ.

ಮೂಗು ಕೆಂಪಾಗಲು ಮುಖ್ಯ ಕಾರಣ ಪಟ್ಟಿ ಬಿಗಿ ಮಾಡುವುದು. ಗಾಳಿ ಸೋರುತ್ತಿದೆ ಎಂದು ಮನೆಯವರು ಎಳೆದೆಳೆದು ಕಟ್ಟುತ್ತಾರೆ. ಪಟ್ಟಿಯ ಕೆಳಗೆ ಎರಡು ಬೆರಳು ಆಡಬೇಕು. ಕೂತಾಗ ಅಲ್ಲ, ಅವರು ಮಲಗುವ ಹಾಗೇ ಮಲಗಿಸಿ, ಗಾಳಿ ಬರುತ್ತಿರುವಾಗ ಸರಿ ಮಾಡಿ. ಸ್ವಲ್ಪ ಸೋರಿದರೆ ಚಿಂತೆಯಿಲ್ಲ, ಕಣ್ಣಿಗೆ ಮಾತ್ರ ಬಡಿಯಬಾರದು. ಗಡ್ಡ ಬಂದಿದ್ದರೆ ಬೋಳಿಸಿ. ಮಾಸ್ಕಿನಲ್ಲಿ ಸಣ್ಣ ತೂತುಗಳಿಂದ ಸುಯ್ ಎಂದು ಗಾಳಿ ಬರುತ್ತಿರುತ್ತದಲ್ವಾ? ಅದು ಸೋರಿಕೆಯಲ್ಲ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೇ. ಅದಕ್ಕೆ ಪ್ಲಾಸ್ಟರ್ ಹಚ್ಚಬೇಡಿ, ಹೊದಿಕೆಯನ್ನೂ ಮುಖದ ಮೇಲೆ ಎಳೆಯಬೇಡಿ.

ಕೊಬ್ಬರಿ ಎಣ್ಣೆ ನಿಲ್ಲಿಸಿ. ಎಣ್ಣೆಗೆ ಮಾಸ್ಕ್ ಜಾರುತ್ತದೆ, ಜಾರಿದರೆ ಮತ್ತೆ ಬಿಗಿ ಮಾಡುತ್ತೀರಿ. ಆಕ್ಸಿಜನ್ ಇರುವಲ್ಲಿ ಎಣ್ಣೆ, ವ್ಯಾಸಲೀನ್ ಒಳ್ಳೆಯದಲ್ಲ, ಬೆಂಕಿ ಬೇಗ ಹಿಡಿಯುತ್ತದೆ. ದೀಪ, ಊದುಬತ್ತಿಯನ್ನೂ ಆ ಕೋಣೆಗೆ ತರಬೇಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಒತ್ತಿದಾಗ ಬಿಳಿಚಿಕೊಂಡರೆ ಚರ್ಮ ಇನ್ನೂ ಗಟ್ಟಿಯಿದೆ. ಒತ್ತಿದರೂ ಕೆಂಪಾಗೇ ಇದ್ದರೆ ಗಾಯ ಶುರುವಾಗಿದೆ ಎಂದರ್ಥ. ಮೆಡಿಕಲ್ ಶಾಪಿನಲ್ಲಿ ಹೈಡ್ರೋಕೊಲಾಯ್ಡ್ ಪಟ್ಟಿ ಎಂದು ಕೇಳಿ. ಆ ಜಾಗಕ್ಕೆ ಅಂಟಿಸಿ ಅದರ ಮೇಲೆ ಮಾಸ್ಕ್ ಹಾಕಬಹುದು. ಚರ್ಮ ಕಿತ್ತು ಬಂದಿದ್ದರೆ ಡಾಕ್ಟರಿಗೆ ತೋರಿಸಿ, ಮೂಗಿನ ಎಲುಬಿಗೆ ತಾಗದ ಬೇರೆ ಬಗೆಯ ಮಾಸ್ಕ್ ಕೇಳಿ.

ಗಂಟಲು ಒಣಗಿದರೂ ಕೀಳುತ್ತಾರೆ. ಮೆಷಿನ್ನಿಗೆ ನೀರಿನ ಡಬ್ಬಿ ಇದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಗುಡ್ಡದಿಂದ ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಇದಕ್ಕೆ ಬೇಡ. ಉಳಿದ ನೀರನ್ನು ದಿನಾ ಬೆಳಗ್ಗೆ ಚೆಲ್ಲಿ. ಮಾಸ್ಕನ್ನು ದಿನಾ ಸೋಪು ನೀರಲ್ಲಿ ತೊಳೆದು ಫ್ಯಾನಿನ ಕೆಳಗೆ ಒಣಗಿಸಿ. ಮಳೆಗಾಲದಲ್ಲಿ ಬಟ್ಟೆಯ ಜೊತೆ ಬಚ್ಚಲೊಲೆಯ ಮೇಲೆ ತೂಗುಹಾಕಿದರೆ ಹೊಗೆಯೆಲ್ಲ ಅದರಲ್ಲೇ ಕೂರುತ್ತದೆ. ನಮ್ಮ ಕಡೆಯ ಥಂಡಿಗೆ ಫಿಲ್ಟರ್ ಕೂಡ ಬೂಸ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ತೆಗೆದು ನೋಡಿ.

ಒಲೆಯ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಬೀಡಿ ಬಿಟ್ಟರೂ ಹಂಡೆ ಒಲೆಯ ಹೊಗೆ, ಅಡಿಕೆ ಬೇಯಿಸುವಾಗಿನ ಹೊಗೆ ಆ ಎದೆಗೆ ಹೋಗುತ್ತಲೇ ಇರುತ್ತದೆ. ಸೋಲಾರ್ ಅಥವಾ ಗೀಸರ್ ಹಾಕಿಸಲು ಸಾಧ್ಯವಾದರೆ ಹಾಕಿಸಿ. ಅಲ್ಲಿಯವರೆಗೆ ಹೊಗೆ ಪೂರ್ತಿ ಆರಿದ ಮೇಲೆ ಅವರ ಸ್ನಾನ. ಕೊಯ್ಲಿನ ದಿನಗಳಲ್ಲಿ ಅಂಗಳದ ಕಡೆಯ ಕೋಣೆ ಬೇಡ.

ರಾತ್ರಿ ಊಟ ಬೇಗ, ಸ್ವಲ್ಪವೇ. ಹೊಟ್ಟೆ ತುಂಬಿದ ಮೇಲೆ ಗಾಳಿಯೂ ಸೇರಿದರೆ ಉಬ್ಬರಿಸುತ್ತದೆ. ಊಟವಾಗಿ ಒಂದು ಗಂಟೆ ಕಳೆದು, ತಲೆ ಬೆನ್ನು ಎತ್ತರವಾಗಿಟ್ಟು ಮಾಸ್ಕ್ ಹಾಕಿ. ಮಾಸ್ಕ್ ಇರುವಾಗ ನೀರು, ಮಾತ್ರೆ ಏನೂ ಬೇಡ.

ಕರೆಂಟಿನ ಬಗ್ಗೆ ನಿಮ್ಮ ಹೆದರಿಕೆ ಸರಿಯಾದದ್ದೇ. ಮೆಷಿನ್ ನಿಂತರೆ ಮೊದಲ ಕೆಲಸ ಮಾಸ್ಕ್ ತೆಗೆಯುವುದು. ಇಲ್ಲದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ತೊಡೆಯ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಿಸಿ ಕೂರಿಸಿ, ತುಟಿ ಕೂಡಿಸಿ ಊದುವ ಹಾಗೆ ನಿಧಾನವಾಗಿ ಉಸಿರು ಬಿಡಲಿ. ಬೈಪ್ಯಾಪ್‌ಗೆ ಕರೆಂಟ್ ಹೆಚ್ಚು ಬೇಡ, ಇನ್ವರ್ಟರ್ ಮೇಲೆ ನಡೆಯುತ್ತದೆ. ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಕಾನ್ಸಂಟ್ರೇಟರ್ 300 ವ್ಯಾಟ್ ಅಥವಾ ಅದಕ್ಕೂ ಜಾಸ್ತಿ ಎಳೆಯುತ್ತದೆ. ಸಣ್ಣ ಬ್ಯಾಟರಿ ಬೇಗ ಖಾಲಿ. ಜೂನ್ ಬರುವ ಮುಂಚೆ ಒಂದು ಆಕ್ಸಿಜನ್ ಸಿಲಿಂಡರ್ ತಂದಿಟ್ಟುಕೊಳ್ಳಿ. ಕರೆಂಟ್ ಕೊಡುವ ಮೆಸ್ಕಾಂ ಕಂಪನಿಯ ಸೆಕ್ಷನ್ ಆಫೀಸಿಗೂ ಮನೆಯಲ್ಲಿ ಹೀಗೊಬ್ಬರಿದ್ದಾರೆ ಎಂದು ತಿಳಿಸಿಡಿ. ಹಾಕುವಾಗ ಮೊದಲು ಬೈಪ್ಯಾಪ್, ಆಮೇಲೆ ಆಕ್ಸಿಜನ್. ನಿಲ್ಲಿಸುವಾಗ ಮೊದಲು ಆಕ್ಸಿಜನ್.

ಒಂದು ವಿಷಯಕ್ಕೆ ನನಗೆ ತುಂಬ ಹೆದರಿಕೆ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತು ಅಸ್ತವ್ಯಸ್ತ, ಕೈ ನಡುಕ, ಎಬ್ಬಿಸಿದರೂ ಏಳದಿರುವುದು ಕಾರ್ಬನ್ ಡೈಆಕ್ಸೈಡ್ ಏರಿದ ಲಕ್ಷಣಗಳು. ಇವತ್ತಾದರೂ ಚೆನ್ನಾಗಿ ಮಲಗಿದರು ಎಂದು ಮನೆಯವರು ಸಮಾಧಾನಪಟ್ಟು ತಡಮಾಡಿದ್ದನ್ನು ನೋಡಿದ್ದೇನೆ. ಬರೀ ತಲೆನೋವು, ತೂಕಡಿಕೆ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಾತು ತಪ್ಪಿದರೆ, ಏಳದಿದ್ದರೆ, ತುಟಿ ನೀಲಿಯಾದರೆ ಕಾಯದೆ 108ಕ್ಕೆ ಫೋನ್ ಮಾಡಿ. ಘಾಟಿ ರಸ್ತೆ, ಮಳೆ, ದೂರ ಎಲ್ಲವನ್ನೂ ಲೆಕ್ಕ ಹಾಕಿ ಬೇಗ ಹೊರಡಿ.

ಇಷ್ಟೆಲ್ಲ ಕಷ್ಟಪಡುವುದು ಸಾರ್ಥಕವೇ ಎಂದು ಮಾವ ಕೇಳಿದರೆ ಇದನ್ನು ಹೇಳಿ. ಆಸ್ಪತ್ರೆಯಿಂದ ಬಂದ ಮೇಲೂ ಕಾರ್ಬನ್ ಡೈಆಕ್ಸೈಡ್ ಇಳಿಯದ ಸಿಒಪಿಡಿ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮತ್ತೆ ಅಡ್ಮಿಟ್ ಆಗುವ ಅಥವಾ ಜೀವ ಹೋಗುವ ಹೊತ್ತು ಬರೀ ಆಕ್ಸಿಜನ್ ಪಡೆದವರಲ್ಲಿ ಸುಮಾರು 1.4 ತಿಂಗಳಿಗೆ ಬಂದರೆ, ಮನೆಯಲ್ಲಿ ಇಂಥ ಮೆಷಿನ್ನನ್ನೂ ಬಳಸಿದವರಲ್ಲಿ ಅದು 4.3 ತಿಂಗಳಿಗೆ ಮುಂದೆ ಹೋಯಿತು.

ನೀವೊಬ್ಬರೇ ರಾತ್ರಿಯೆಲ್ಲ ಎದ್ದಿರಬೇಡಿ. ನಿಮ್ಮ ಯಜಮಾನರಿಗೂ ಪಟ್ಟಿ ಕಟ್ಟುವುದು, ಬಿಚ್ಚುವುದು ಬರಲಿ. ಮುಂದಿನ ಸಲ ತೋರಿಸಲು ಶಿವಮೊಗ್ಗಕ್ಕೆ ಹೋಗುವಾಗ ಮೆಷಿನ್, ಮಾಸ್ಕ್ ಎರಡನ್ನೂ ಒಯ್ಯಿರಿ. ದಿನಕ್ಕೆ ಎಷ್ಟು ಗಂಟೆ ಹಾಕಿದ್ದಾರೆ, ಎಷ್ಟು ಸೋರಿದೆ ಎಂಬುದು ಹೆಚ್ಚಿನ ಮೆಷಿನ್‌ಗಳಲ್ಲಿ ದಾಖಲಾಗಿರುತ್ತದೆ. ಅದನ್ನು ನೋಡಿ ಡಾಕ್ಟರೇ ಒತ್ತಡ ಬದಲಿಸುತ್ತಾರೆ.