ಗಂಡಸು ಥೆರಪಿಸ್ಟ್ ಆದರೆ ಒಪ್ಪಬೇಕೆ?

ಇಂಗ್ಲೆಂಡಿನ ಲೀಡ್ಸಿಗೆ ಬಂದು ಏಳು ತಿಂಗಳಾಯಿತು, ಮಗುವಿಗೆ ನಾಲ್ಕು ತಿಂಗಳು, ಮಗು ಮಲಗಿದರೂ ತಮಗೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ನವರು ಫೋನ್ ಮಾಡಿ, ಸದ್ಯಕ್ಕೆ ಬಿಡುವಾಗಿರುವ ಥೆರಪಿಸ್ಟ್ ಗಂಡಸು, ಆಗಬಹುದೇ ಎಂದಾಗ ಏನೂ ತೋಚದೆ, ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟಿರಂತೆ. ಪರಗಂಡಸಿನ ಎದುರು ಕುಳಿತು ಮನೆಯ ಮಾತು ಆಡುವುದು ಹೇಗೆ, ಹೆಂಗಸೇ ಬೇಕೆಂದರೆ ತಪ್ಪು ತಿಳಿಯುತ್ತಾರೆಯೇ, ಖರ್ಚೆಷ್ಟು, ವೀಸಾಕ್ಕೆ ತೊಂದರೆಯೇ ಎಂಬುದು ನಿಮ್ಮ ಪ್ರಶ್ನೆ.

ಖರ್ಚಿಲ್ಲ. ವೀಸಾ ಕೊಡುವಾಗ ಆರೋಗ್ಯ ಸೇವೆಗೆಂದು ವರ್ಷಕ್ಕಿಷ್ಟು ಎಂದು ಹಣ ಕಟ್ಟಿಸಿಕೊಂಡಿದ್ದಾರಲ್ಲ, ಅದರಲ್ಲೇ ಬಂತು. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಂಗಸು ಬೇಕೆಂದು ಧಾರಾಳವಾಗಿ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಈ ದೇಶದಲ್ಲಿ ಆ ಕೆಲಸದಲ್ಲಿರುವವರಲ್ಲಿ ಹೆಂಗಸರೇ ಹೆಚ್ಚು. ಆದರೆ ಕೇಳುವ ಮೊದಲು ನನ್ನದೊಂದು ಸಂಗತಿಯನ್ನು ಓದಿ.

ನಾನು ಸಾಗರದಿಂದ ಶೆಫೀಲ್ಡಿಗೆ ಬಂದದ್ದು 2004ರ ನವೆಂಬರಿನಲ್ಲಿ. ಏರು ಇಳಿಜಾರಿನ ಬೀದಿಗಳೇನೋ ನಮ್ಮ ಮಲೆನಾಡಿನವೇ ಅನ್ನಿಸಿದವು. ಮಧ್ಯಾಹ್ನ ನಾಲ್ಕಕ್ಕೆ ಕವಿಯುವ ಕತ್ತಲೆಗೆ ಮಾತ್ರ ನಾನು ಸಿದ್ಧಳಿರಲಿಲ್ಲ. 2006ರ ಫೆಬ್ರುವರಿಯಲ್ಲಿ ಮಗ ಹುಟ್ಟಿದ. ಆರು ತಿಂಗಳ ವೀಸಾದಲ್ಲಿ ಅಮ್ಮ ಬಂದು ಬಾಣಂತನ ಮಾಡಿದಳು. ಅವಳು ಸಾಂಬ್ರಾಣಿ ಹೊಗೆ ಹಾಕಿದಾಗಲೆಲ್ಲ ಸ್ಮೋಕ್ ಅಲಾರಂ ಕೂಗಿಕೊಂಡು ಪಕ್ಕದ ಮನೆಯವರು ಬಾಗಿಲು ತಟ್ಟುತ್ತಿದ್ದರು. ಮಗುವಿಗೆ ಏಳು ವಾರವಾದಾಗ ಎಳೆಮಕ್ಕಳನ್ನು, ತಾಯಂದಿರನ್ನು ನೋಡಿಕೊಳ್ಳುವ ನರ್ಸ್, ಹೆಲ್ತ್ ವಿಸಿಟರ್, ಮನೆಗೆ ಬಂದು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಬಾಣಂತಿಯರ ಖಿನ್ನತೆಯನ್ನು ಗುರುತಿಸುವ ಅದಕ್ಕೆ ಎಡಿನ್‌ಬರೋ ಸ್ಕೇಲ್ ಎನ್ನುತ್ತಾರೆ, ನಿಮಗೂ ಕೊಟ್ಟಿರಬಹುದು. ಕಾರಣವಿಲ್ಲದೆ ಭಯವಾಗುತ್ತದೆಯೇ, ಅಳು ಬರುತ್ತದೆಯೇ, ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿದೆಯೇ. ಎದುರಿನಲ್ಲೇ ಅಮ್ಮ ಕಾಲು ನೀಡಿ, ಕಾಲಮೇಲೆ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ನಾನು ಹತ್ತಕ್ಕೆ ಹತ್ತನ್ನೂ ‘ಇಲ್ಲವೇ ಇಲ್ಲ’ ಎಂಬರ್ಥ ಬರುವಂತೆ ಗುರುತು ಹಾಕಿಕೊಟ್ಟೆ. ನಿಮ್ಹಾನ್ಸ್ ಎಂಬ ಹೆಸರನ್ನು ತಮಾಷೆಗಷ್ಟೇ ಬಳಸುತ್ತಿದ್ದ ಮನೆಯಿಂದ ಬಂದವಳು ನಾನು.

ಅಮ್ಮ ವಾಪಸು ಹೋದ ಮೇಲೆ ವೈದ್ಯರ ಹತ್ತಿರ ಹೋದೆ. ಹೊಟ್ಟೆಯೊಳಗೆ ಸಂಕಟ ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಆಮ್ಲಕ್ಕೆ ಮಾತ್ರೆ ಬರೆದುಕೊಟ್ಟರು. ಮೂರನೆಯ ಸಲ ಅಲ್ಲೇ ಅತ್ತುಬಿಟ್ಟಾಗ ಅವರಿಗೆ ತಿಳಿಯಿತು. ತಮ್ಮಲ್ಲಿಯೇ ಒಬ್ಬ ಕೌನ್ಸೆಲರ್ ಇದ್ದಾರೆ, ಮುಂದಿನ ವಾರವೇ ಸಮಯವಿದೆ, ಆದರೆ ಗಂಡಸು ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ಬೇಡ, ಹೆಂಗಸೇ ಆಗಬೇಕು, ಅದೂ ನಮ್ಮ ಕಡೆಯವರಾದರೆ ಒಳ್ಳೆಯದು ಎಂದೆ. ಹಾಗೆ ಸಿಗುವುದಕ್ಕೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ನನ್ನ ಮಗ ಮಗುಚಿಕೊಂಡದ್ದು, ಕೂತದ್ದು, ಅಂಬೆಗಾಲಿಟ್ಟದ್ದು ಯಾವುದೂ ನನಗೆ ನೆನಪಿಲ್ಲ. ಅವನ ಮೊದಲ ಹಲ್ಲು ಬಂದ ತಾರೀಖು ಇವತ್ತಿಗೂ ಸಾಗರದ ಮನೆಯ ಹಳೆಯ ಕ್ಯಾಲೆಂಡರಿನಲ್ಲಿ ಅಮ್ಮನ ಕೈಬರಹದಲ್ಲಿದೆ. ನನ್ನ ಯಜಮಾನರು ಫೋನಿನಲ್ಲಿ ಹೇಳಿದ್ದನ್ನು ಅವಳು ಬರೆದಿಟ್ಟಳು.

ಕೊನೆಗೆ ಸಿಕ್ಕವರು ಗುಜರಾತಿ ಮೂಲದ ಹೆಂಗಸು, ನನ್ನ ಅತ್ತಿಗೆಯ ವಯಸ್ಸು. ಅವರಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅವರನ್ನು ಕಂಡೊಡನೆ ನಾನು ಹಿರಿಯರ ಮುಂದೆ ಕೂರುವ ಸೊಸೆಯಾಗಿಬಿಡುತ್ತಿದ್ದೆ. ಒಳ್ಳೆಯ ಮನೆತನದವಳು ಎನ್ನಿಸಿಕೊಳ್ಳುವ ಆಸೆ. ಅತ್ತೆ ಒಳ್ಳೆಯವರು, ಗಂಡ ಒಳ್ಳೆಯವರು, ಮಗು ಚೆನ್ನಾಗಿ ಹಾಲು ಕುಡಿಯುತ್ತದೆ ಎಂದು ಹೇಳಿ ಬರುತ್ತಿದ್ದೆ. ಮೂರನೆಯ ಸಲ ಚಕ್ಕುಲಿ ಕಟ್ಟಿಕೊಂಡು ಹೋದೆ. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಅವರು ನಯವಾಗಿಯೇ ಹೇಳಿದರು. ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಹೊತ್ತನ್ನೆಲ್ಲ ಮಾತಿಲ್ಲದೆ ಕಳೆದೆ. ಆರು ಭೇಟಿಗಳೂ ಹೀಗೆಯೇ ಮುಗಿದವು.

ಆಮೇಲೆ ಅದೇ ಗಂಡಸಿನ ಹತ್ತಿರವೇ ಹೋದೆ. ಅರವತ್ತು ದಾಟಿದವರು, ಕಿವಿ ಕೊಂಚ ಮಂದ. ನಾನು ಬಾಯೊಳಗೇ ಗೊಣಗಿದ್ದನ್ನು ಅವರಿಗಾಗಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. ಮಗುವಿನ ಮೇಲೆ ನನಗೆ ಪ್ರೀತಿಯೇ ಹುಟ್ಟುತ್ತಿಲ್ಲ ಎಂಬ ಮಾತನ್ನು ಹೀಗೆ ಎರಡು ಸಲ ಹೇಳಿದೆ, ಎರಡನೆಯ ಸಲ ಕೋಣೆಯೆಲ್ಲ ಕೇಳುವಷ್ಟು ಜೋರಾಗಿ. ಆ ಮನುಷ್ಯನಿಗೆ ನಮ್ಮ ಅತ್ತೆ, ನಾದಿನಿ, ಮನೆತನ ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಎದುರು ಮರ್ಯಾದೆ ಕಾಯುವ ಕೆಲಸ ಇರುವುದಿಲ್ಲ.

ಹಾಗೆಂದು ಗಂಡಸಾದರೇನು ಹೆಂಗಸಾದರೇನು ಎಂದು ನಾನು ಹೇಳುವುದಿಲ್ಲ. ಚಿಕಿತ್ಸೆಯ ಫಲ ಥೆರಪಿಸ್ಟ್ ಗಂಡೋ ಹೆಣ್ಣೋ ಎನ್ನುವುದಕ್ಕಿಂತ ಅವರ ಮೇಲೆ ನಮಗೆ ಹುಟ್ಟುವ ನಂಬಿಕೆಯನ್ನು ಹೆಚ್ಚು ಅವಲಂಬಿಸುತ್ತದೆ ಎಂಬುದು ಅಧ್ಯಯನ ಮಾಡಿದವರ ಮಾತು, ನನ್ನ ಅನುಭವಕ್ಕೂ ಅದು ಹೊಂದುತ್ತದೆ. ಆದರೂ ಹೆರಿಗೆಯ ಹೊಲಿಗೆಯ ನೋವನ್ನು, ಆಮೇಲೆ ಗಂಡನ ಜೊತೆ ಮಲಗಲು ಹೆದರುತ್ತಿದ್ದುದನ್ನು ಆ ಹಿರಿಯರಿಗೆ ಕೊನೆಯವರೆಗೂ ಹೇಳಲಾಗಲಿಲ್ಲ. ನಾಲ್ಕು ವರ್ಷದ ನಂತರ ಒಬ್ಬ ಫಿಸಿಯೋಥೆರಪಿಸ್ಟ್ ಹೆಂಗಸಿನ ಮುಂದೆ ಅದು ತಾನಾಗಿ ಬಾಯಿಗೆ ಬಂತು. ನಿಮ್ಮ ನಿದ್ದೆ ಕೆಡಿಸಿರುವುದು ಅಂಥದ್ದೇ ಆಗಿದ್ದರೆ, ಅಥವಾ ಗಂಡಸಿನ ಕೈಯಲ್ಲಿ ನೊಂದ ವಿಷಯವಾಗಿದ್ದರೆ, ಹೆಂಗಸನ್ನೇ ಕೇಳಿ.

ಆದರೆ ಕೇಳುವಾಗ ಎಷ್ಟು ವಾರ ಕಾಯಬೇಕೆಂದು ಅಲ್ಲೇ ಕೇಳಿಕೊಳ್ಳಿ, ಮಗುವಿಗೆ ನಾಲ್ಕು ತಿಂಗಳು ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ. ಬಾಣಂತಿಯರನ್ನು ಎರಡು ವಾರದೊಳಗೆ ವಿಚಾರಿಸಬೇಕು, ಆ ಬಳಿಕ ಒಂದು ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕು ಎಂದು ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಇಲ್ಲಿಯ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಇದೆ. ಅದಕ್ಕಿಂತ ತಡವೆಂದರೆ ಗಂಡಸಿನ ಜೊತೆಗೇ ಶುರುಮಾಡಿ, ಒಗ್ಗದಿದ್ದರೆ ಬದಲಾಯಿಸಲು ಕೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವೆನೆಂಬ ಯೋಚನೆ ಬಂದರೆ ಇದಾವುದಕ್ಕೂ ಕಾಯಬೇಡಿ, 111ಕ್ಕೆ ಕರೆ ಮಾಡಿ 2 ಒತ್ತಿ. ಹಣ ಕೊಟ್ಟು ಖಾಸಗಿಯಾಗಿ ಹೋಗುವುದಾದರೆ ಬಿಎಸಿಪಿಯಂಥ ಕೌನ್ಸೆಲರ್‌ಗಳ ಸಂಘದ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ಏಕೆಂದರೆ ಈ ದೇಶದಲ್ಲಿ ಯಾರು ಬೇಕಾದರೂ ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಳ್ಳಬಹುದು.

ಇಂಗ್ಲಿಷಿನಲ್ಲಿ ಅಳುವುದು ಕಷ್ಟವಾದರೆ ಕನ್ನಡದ ಇಂಟರ್‌ಪ್ರಿಟರ್ ಬೇಕೆನ್ನಿ, ಅದಕ್ಕೂ ಹಣ ಕೊಡಬೇಕಾಗಿಲ್ಲ. ಯಜಮಾನರನ್ನು ಆ ಕೆಲಸಕ್ಕೆ ಕೂರಿಸಿಕೊಳ್ಳಬೇಡಿ. ಇಂಟರ್‌ಪ್ರಿಟರ್ ಫೋನಿನಲ್ಲಿ, ಬೇರೆ ಊರಿನಿಂದ ಮಾತಾಡುವವರಾಗಲಿ. ಲೀಡ್ಸಿನ ಕನ್ನಡದವರೆಲ್ಲ ಯುಗಾದಿಗೆ ಒಂದೇ ಹಾಲಿನಲ್ಲಿ ಊಟಕ್ಕೆ ಕೂರುತ್ತಾರೆ.