ಗಸಿ ಕಂಡರೆ ಪೋರ್ಟ್ ಕೆಟ್ಟಿದೆಯೇ?

ಪ್ರಶ್ನೆ: ಅಣ್ಣ ಪೋರ್ಚುಗಲ್‌ನಿಂದ 1985ರ ವಿಂಟೇಜ್ ಪೋರ್ಟ್ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ, ಸ್ಪಿರಿಟ್ ಬೆರೆಸಿದ ಸಿಹಿ ವೈನ್) ತಂದಿದ್ದಾರೆ. ಬಾಟಲಿಯ ಒಳಗೋಡೆಗೆ ಕಪ್ಪು ಗಸಿ ಅಂಟಿದೆ. ಕುಡಿಯಬಹುದೇ? ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಹೆದರಬೇಡಿ, ಇಷ್ಟು ಹಳೆಯ ವಿಂಟೇಜ್ ಪೋರ್ಟ್‌ನಲ್ಲಿ ಗಸಿ ಇರಲೇಬೇಕು. ಪೋರ್ಚುಗಲ್‌ನ ದೋರೊ ಕಣಿವೆಯ ದ್ರಾಕ್ಷಿರಸ ಅರ್ಧ ಹುದುಗಿದಾಗಲೇ ಶೇ. 77 ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಬೆರೆಸುತ್ತಾರೆ. ಹುದುಗು ನಿಂತು ಸಿಹಿ ಉಳಿಯುತ್ತದೆ. ಎರಡು-ಮೂರು ವರ್ಷಕ್ಕೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಮುಂದೆ ಬಣ್ಣವೂ ಒಗರೂ ಒಂದಕ್ಕೊಂದು ಕೂಡಿಕೊಂಡು ಗಸಿಯಾಗಿ ಇಳಿಯುತ್ತವೆ, ವೈನ್ ಮೃದುವಾಗುತ್ತದೆ.

ಮೊದಲು ಬಾಟಲಿಯಲ್ಲಿ ವೈನ್‌ನ ಮಟ್ಟ ನೋಡಿ. ಕತ್ತಿನ ಬುಡದವರೆಗಿದ್ದರೆ ಒಳ್ಳೆಯದು. ಭುಜದ ನಡುವಿಗೆ ಇಳಿದು, ಮುಚ್ಚಳದ ಸುತ್ತ ಅಂಟು ಒಸರಿದ್ದರೆ ಕಾರ್ಕ್ ಸೋತಿದೆ, ಒಳಗೆ ಗಾಳಿ ಹೋಗಿದೆ.

ಬಾಟಲಿಯನ್ನು ಎರಡು ದಿನ ನೆಟ್ಟಗೆ ನಿಲ್ಲಿಸಿಡಿ. ಕಾರ್ಕ್ ಮೆತ್ತಗಾಗಿರುತ್ತದೆ, ನಿಧಾನವಾಗಿ ಎಳೆಯಿರಿ. ಮುರಿದರೆ ಉಳಿದದ್ದನ್ನು ಒಳಗೇ ತಳ್ಳಿ, ಸೋಪು ಸೋಕದ ತೆಳು ಮಲ್ಮಲ್ ಬಟ್ಟೆಯಲ್ಲಿ ಸೋಸಿ. ಕತ್ತಿನ ಹಿಂದೆ ಟಾರ್ಚ್ ಇಟ್ಟು ಒಂದೇ ಓಟದಲ್ಲಿ ಗಾಜಿನ ಹೂಜಿಗೆ ಸುರಿಯಿರಿ. ನಡುವೆ ನಿಲ್ಲಿಸಿ ಬಾಟಲಿ ಎತ್ತಿದರೆ ಗಸಿ ಕದಡಿ ಎಲ್ಲವೂ ಮಣ್ಣುಮಣ್ಣು. ಕಪ್ಪು ಎಳೆ ಕತ್ತಿಗೆ ಬಂದ ಕ್ಷಣ ನಿಲ್ಲಿಸಿ. ಕೊನೆಯ ಅರ್ಧ ಲೋಟ ಹೋದರೆ ಹೋಗಲಿ.

ಒಂದು ಗಂಟೆ ಬಿಟ್ಟು, 16–18 ಡಿಗ್ರಿಯಲ್ಲಿ 50 ಮಿ.ಲೀ. ಸುರಿದುಕೊಳ್ಳಿ. ಇನ್ನೂ ಬೆಚ್ಚಗಿದ್ದರೆ ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ, ಮಿಕ್ಕ ಪರಿಮಳ ಮುಚ್ಚಿಹೋಗುತ್ತದೆ. ಬಿಳಿ ಕಾಗದದ ಮೇಲೆ ಲೋಟ ವಾಲಿಸಿ: ನಡುವೆ ಕೆಂಪು, ಅಂಚಿಗೆ ಇಟ್ಟಿಗೆ ಬಣ್ಣ ಇರಬೇಕು. ಪೂರ್ತಿ ಚಹಾದ ಕಂದು ಬಣ್ಣಕ್ಕೆ ತಿರುಗಿದ್ದರೆ ದಣಿದಿದೆ. ಒಣ ಅಂಜೂರ, ಕೋಕೋ, ಹೊಗೆಸೊಪ್ಪಿನ ವಾಸನೆ ಸರಿ. ಒದ್ದೆ ಗೋಣಿಚೀಲದ್ದು ಕಾರ್ಕ್ ದೋಷ, ಅದು ಗಾಳಿಗಿಟ್ಟರೂ ಹೋಗದು. ನೇಲ್ ಪಾಲಿಷ್ ವಾಸನೆ ಢಾಳಾಗಿದ್ದರೂ ದೋಷವೇ. ಬಾಯಲ್ಲಿ ಸಿಹಿಯ ಜೊತೆ ಹುಳಿ ಮತ್ತು ಒಗರು ನಿಲ್ಲಬೇಕು. ನುಂಗಿದ ಮೇಲೆ ಹಣ್ಣಿನ ರುಚಿ ಅರ್ಧ ನಿಮಿಷ ಉಳಿದರೆ ಒಳ್ಳೆಯ ಬಾಟಲಿ. ಬರೀ ಸಿಹಿ ಮತ್ತು ಉರಿ ಉಳಿದರೆ ಹಣ್ಣು ಮುಗಿದುಹೋಗಿದೆ ಎಂದರ್ಥ. ಎರಡು ದಿನದೊಳಗೆ ಮುಗಿಸಿ.

ಪ್ರಶ್ನೆ: 20 ವರ್ಷದ ಟಾನಿ ಪೋರ್ಟ್‌ಗೂ ಇದೇ ಕ್ರಮವೇ?

ಉತ್ತರ: ಇಲ್ಲ. ಅದು ಮರದ ಪೀಪಾಯಿಯಲ್ಲಿ ಹಣ್ಣಾಗಿ, ಗಸಿ ಬಿಟ್ಟು ಬಾಟಲಿಗೆ ಬಂದದ್ದು, ನೇರ ಸುರಿಯಿರಿ. ಕಂದು ಬಣ್ಣ ಅಲ್ಲಿ ದೋಷವಲ್ಲ. 12–14 ಡಿಗ್ರಿಗೆ ತಣಿಸಿ ಕುಡಿಯಿರಿ, ತೆರೆದ ಮೇಲೂ ಫ್ರಿಜ್‌ನಲ್ಲಿ ಕೆಲವು ವಾರ ಉಳಿಯುತ್ತದೆ. ಗೋವಾದ ಅಂಗಡಿಗಳಲ್ಲಿ ಪೋರ್ಟ್ ಎಂದು ಸಿಗುವ ಅಗ್ಗದ ಸಿಹಿ ವೈನ್‌ಗೆ ಈ ಅಳತೆಗೋಲು ಹಿಡಿಯಬೇಡಿ, ಅದನ್ನು ವರ್ಷಗಟ್ಟಲೆ ಇಟ್ಟು ಕಾಯಲೂ ಬೇಡಿ.